ಹೆಸರು, ಮನೆ, ದೂರವಾಣಿ: ಅಂತರಜಾಲದ ತೆರೆದ ದಾಖಲೆಯ ಚರಿತ್ರೆ

ಹೊಲದ ಪಹಣಿಯನ್ನು ಯಾರು ಬೇಕಾದರೂ ತೆಗೆಸಿ ನೋಡಬಹುದು. ಸಂಘಸಂಸ್ಥೆಗಳ ಪದಾಧಿಕಾರಿಗಳ ಪಟ್ಟಿ ನೋಂದಣಾಧಿಕಾರಿಗಳ ಕಚೇರಿಯಲ್ಲಿ ಇರುತ್ತದೆ. ದೂರವಾಣಿ ಇಲಾಖೆ ಹಿಂದೆ ಅಚ್ಚು ಹಾಕಿಸುತ್ತಿದ್ದ ದಪ್ಪ ಪುಸ್ತಕದಲ್ಲಿ ಚಂದಾದಾರರ ಹೆಸರು, ವಿಳಾಸ, ಸಂಖ್ಯೆಗಳು ಅಕ್ಷರಾನುಕ್ರಮದಲ್ಲಿ ದೊರೆಯುತ್ತಿದ್ದವು. ಅದರಿಂದ ತಮ್ಮ ಮನೆಗೆ ಕೇಡು ಬಂದೀತೆಂದು ಶಂಕಿಸಿದವರು ವಿರಳ. ಇಂಥ ತೆರೆದ ದಾಖಲೆಗಳಿಲ್ಲದೆ ಸಮಾಜದ ವ್ಯವಹಾರ ನಡೆಯುವುದೂ ಕಷ್ಟ. ಆದರೆ ಒಂದು ದಾಖಲೆಯ ಯೋಗ್ಯಾಯೋಗ್ಯತೆಯನ್ನು ನಿರ್ಣಯಿಸುವಾಗ ಅದು ಯಾವ ಪ್ರಯೋಜನಕ್ಕಾಗಿ ಹುಟ್ಟಿತು, ಆ ಪ್ರಯೋಜನ ತೀರಿದ ಮೇಲೂ ಉಳಿದುಕೊಂಡಿತೇ, ಉಳಿದದ್ದು ಯಾರ ಕೈಸೇರಿತು ಎಂಬ ಪ್ರಶ್ನೆಗಳನ್ನು ಕೇಳಲೇಬೇಕಾಗುತ್ತದೆ. ಅಂತರಜಾಲದಲ್ಲಿ ವಿಳಾಸ ಪಡೆದವರ ವಿವರಗಳನ್ನು ಜಗತ್ತಿಗೆಲ್ಲ ತೆರೆದಿಟ್ಟಿದ್ದ 'ಹೂ ಈಸ್' ಎಂಬ ದಾಖಲೆಯ ಚರಿತ್ರೆಯನ್ನು ಈ ಪ್ರಶ್ನೆಗಳ ಬೆಳಕಿನಲ್ಲಿ ಪರಿಶೀಲಿಸುವುದು ಉಚಿತವಾಗಿದೆ.

'ಹೂ ಈಸ್' ಎಂದರೆ 'ಇವರು ಯಾರು' ಎಂದರ್ಥ. ಅಂತರಜಾಲದಲ್ಲಿ ಒಂದು ತಾಣವನ್ನು ತೆರೆಯಬೇಕಾದವರು ಮೊದಲು ಅದಕ್ಕೊಂದು ಹೆಸರನ್ನು ನೋಂದಾಯಿಸಬೇಕು. 'ಡಾಟ್ ಕಾಂ', 'ಡಾಟ್ ಆರ್ಗ್' ಎಂದು ಕೊನೆಗೊಳ್ಳುವ ಈ ಹೆಸರುಗಳನ್ನು ಡೊಮೇನ್ ಹೆಸರುಗಳೆಂದು ಕರೆಯುತ್ತಾರೆ. ನೋಂದಾಯಿಸುವಾಗ ತಮ್ಮ ಹೆಸರು, ಅಂಚೆ ವಿಳಾಸ, ದೂರವಾಣಿ, ಇ-ಮೇಲ್‌ಗಳನ್ನು ಬರೆದುಕೊಡಬೇಕು. ಇದರಲ್ಲಿ ವಿಶೇಷವೇನೂ ಇಲ್ಲ. ಬ್ಯಾಂಕಿನಲ್ಲಿ ಖಾತೆ ತೆರೆಯುವವರೂ ಇಷ್ಟನ್ನು ಬರೆದುಕೊಡುತ್ತಾರೆ. ವಿಶೇಷವಿದ್ದದ್ದು ಮುಂದಿನ ಹಂತದಲ್ಲಿ. 2018ರ ಮೇ ತಿಂಗಳವರೆಗೆ ಈ ವಿವರಗಳು ಲೋಕದ ಯಾವ ಮೂಲೆಯಲ್ಲಿದ್ದವರಿಗೂ, ಕೇಳುವವರು ಯಾರು, ಏತಕ್ಕೆ ಎಂಬ ವಿಚಾರಣೆಯಿಲ್ಲದೆ, ಕ್ಷಣಮಾತ್ರದಲ್ಲಿ ದೊರೆಯುತ್ತಿದ್ದವು. ಒಂದು ದೇವಾಲಯದ ಟ್ರಸ್ಟಿಗೋ ಊರಿನ ಶಾಲೆಗೋ ಸೇವಾಭಾವದಿಂದ ತಾಣವನ್ನು ಮಾಡಿಕೊಟ್ಟವರು ನಮೂನೆಯಲ್ಲಿ ತಮ್ಮ ಮನೆಯ ವಿಳಾಸವನ್ನು ಬರೆದಿದ್ದರೆ, ಆ ಮನೆಯೂ ದಾಖಲೆಯಲ್ಲಿ ಹಾಗೆಯೇ ತೆರೆದಿರುತ್ತಿತ್ತು.

ಈ ಪದ್ಧತಿಯ ಮೂಲವನ್ನು ಹುಡುಕಿ ಹೋದರೆ ಯಾವ ದುರುದ್ದೇಶವೂ ಕಾಣುವುದಿಲ್ಲ. ಅಮೆರಿಕದ ರಕ್ಷಣಾ ಇಲಾಖೆಯ ಧನಸಹಾಯದಿಂದ 1969ರಲ್ಲಿ ಆರಂಭವಾದ ಆರ್ಪಾನೆಟ್ ಎಂಬ ಗಣಕಜಾಲವೇ ಇಂದಿನ ಅಂತರಜಾಲದ ಪೂರ್ವಜ. ಮೊದಲು ಅದರಲ್ಲಿದ್ದವು ನಾಲ್ಕು ಕೇಂದ್ರಗಳು. 1980ರ ದಶಕ ಆರಂಭವಾಗುವ ವೇಳೆಗೂ ಜಾಲಕ್ಕೆ ಸೇರಿದ್ದ ಗಣಕಯಂತ್ರಗಳ ಸಂಖ್ಯೆ ಸುಮಾರು ಇನ್ನೂರು. ಬಳಸುತ್ತಿದ್ದವರು ವಿಶ್ವವಿದ್ಯಾಲಯಗಳ ಸಂಶೋಧಕರು, ಸೇನೆಯ ಅಧಿಕಾರಿಗಳು, ಗುತ್ತಿಗೆ ಪಡೆದ ಕೆಲವು ಕಂಪೆನಿಗಳ ಎಂಜಿನಿಯರುಗಳು. ಒಬ್ಬರಿಗೊಬ್ಬರು ಮುಖಪರಿಚಯವಿಲ್ಲದಿದ್ದರೂ ಹೆಸರಿನ ಪರಿಚಯ ಇದ್ದೇ ಇತ್ತು. ಒಂದು ಕೇಂದ್ರದ ಯಂತ್ರ ಕೆಟ್ಟರೆ ಅದರ ಬಾಧೆ ಇನ್ನೊಂದು ಕೇಂದ್ರಕ್ಕೆ ತಟ್ಟುತ್ತಿದ್ದುದರಿಂದ, ಅಲ್ಲಿರುವವರನ್ನು ದೂರವಾಣಿಯಲ್ಲಿ ಹಿಡಿದು ವಿಷಯ ತಿಳಿಸುವ ಅನುಕೂಲ ಎಲ್ಲರಿಗೂ ಬೇಕಾಗಿತ್ತು.

ಈ ಅನುಕೂಲವನ್ನು ಒದಗಿಸಿದ್ದು ಕ್ಯಾಲಿಫೋರ್ನಿಯದ ಮೆನ್ಲೋ ಪಾರ್ಕ್‌ನಲ್ಲಿದ್ದ ಎಸ್.ಆರ್.ಐ. ಸಂಶೋಧನಾ ಸಂಸ್ಥೆಯ ಜಾಲ ಮಾಹಿತಿ ಕೇಂದ್ರ. 1972ರಲ್ಲಿ ಈ ಕೆಲಸಕ್ಕೆ ಸೇರಿ ಮುಂದೆ ಕೇಂದ್ರದ ಮುಖ್ಯಸ್ಥೆಯಾದ ಎಲಿಜಬೆತ್ ಫೈನ್ಲರ್ ಅವರ ಹೆಸರು ಅಂತರಜಾಲದ ಚರಿತ್ರೆಯಲ್ಲಿ ಗೌರವದಿಂದ ಸ್ಮರಿಸತಕ್ಕದ್ದು. ಜಾಲದಲ್ಲಿ ಯಾವ ಯಂತ್ರ ಎಲ್ಲಿದೆ, ಅದನ್ನು ನೋಡಿಕೊಳ್ಳುವವರು ಯಾರು, ಅವರನ್ನು ಸಂಪರ್ಕಿಸುವುದು ಹೇಗೆ ಎಂಬ ವಿವರಗಳನ್ನು ಅವರ ಕಚೇರಿ ಸಂಗ್ರಹಿಸಿ ಅಚ್ಚು ಮಾಡಿ ಹಂಚುತ್ತಿತ್ತು. 'ಡಾಟ್ ಕಾಂ', 'ಡಾಟ್ ಎಜು', 'ಡಾಟ್ ಗವ್' ಮುಂತಾದ ವಿಭಾಗಗಳನ್ನು ರೂಪಿಸುವುದರಲ್ಲಿಯೂ ಇದೇ ಕಚೇರಿಯ ಪಾತ್ರ ದೊಡ್ಡದು. ಫೈನ್ಲರ್ ಅವರ ಹೆಸರಿನ ಪಟ್ಟಿ ಒಂದು ಕುಟುಂಬದ ವಿಳಾಸ ಪುಸ್ತಕದಂತಿತ್ತು ಎಂದರೆ ಉತ್ಪ್ರೇಕ್ಷೆಯಾಗಲಾರದು.

ಆ ಪುಸ್ತಕ ಪರರ ಕೈಸೇರಿದರೆ ಏನಾದೀತೆಂಬುದಕ್ಕೆ ಮೊದಲ ದೃಷ್ಟಾಂತ ದೊರೆತದ್ದು 1978ರ ಮೇ ತಿಂಗಳ ಮೊದಲ ವಾರದಲ್ಲಿ. ಡಿಜಿಟಲ್ ಈಕ್ವಿಪ್‌ಮೆಂಟ್ ಎಂಬ ಗಣಕಯಂತ್ರ ಕಂಪೆನಿಯ ಮಾರಾಟ ವಿಭಾಗದಲ್ಲಿದ್ದ ಗ್ಯಾರಿ ಥೂರ್ಕ್ ಎಂಬವರು ತಮ್ಮ ಹೊಸ ಯಂತ್ರಗಳ ಪ್ರದರ್ಶನಕ್ಕೆ ಕ್ಯಾಲಿಫೋರ್ನಿಯದ ಎರಡು ಊರುಗಳಲ್ಲಿ ಏರ್ಪಾಡು ಮಾಡಿದ್ದರು. ಒಬ್ಬೊಬ್ಬರಿಗೂ ಬೇರೆ ಬೇರೆ ಆಹ್ವಾನ ಕಳುಹಿಸುವ ಶ್ರಮವನ್ನು ಉಳಿಸಲು, ಆರ್ಪಾನೆಟ್‌ನ ಮುದ್ರಿತ ನಿರ್ದೇಶಿಕೆಯನ್ನು ಮುಂದಿಟ್ಟುಕೊಂಡು, ಅದರಿಂದ ಪಶ್ಚಿಮ ಕರಾವಳಿಯ ಸುಮಾರು ನಾನೂರು ಮಂದಿಯ ವಿಳಾಸಗಳನ್ನು ಬೆರಳಚ್ಚು ಮಾಡಿಸಿ, ಎಲ್ಲರಿಗೂ ಒಂದೇ ಪತ್ರವನ್ನು ರವಾನಿಸಿದರು. ವಿಳಾಸಗಳಿಗೆಂದು ಮೀಸಲಾದ ಜಾಗ ಸಾಲದೆ, ಉಳಿದವು ಪತ್ರದ ಒಡಲಿಗೇ ಹರಿದು ಬಂದವಂತೆ! ಇಂದು ಸ್ಪ್ಯಾಮ್ ಎಂದು ಕರೆಯಲಾಗುವ ಬೇಡದ ಪತ್ರಗಳ ಪರಂಪರೆ ಇಲ್ಲಿಂದ ಮೊದಲಾಯಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಸಂಶೋಧನೆಗೆಂದು ಸರಕಾರದ ಹಣದಿಂದ ಕಟ್ಟಿದ ಜಾಲದಲ್ಲಿ ವ್ಯಾಪಾರದ ಜಾಹೀರಾತು ಸಲ್ಲದೆಂದು ಜಾಲವನ್ನು ನೋಡಿಕೊಳ್ಳುತ್ತಿದ್ದ ಸೇನಾಧಿಕಾರಿಗಳು ಕಠಿಣವಾಗಿ ಆಕ್ಷೇಪಿಸಿದರು. ಆ ಆಕ್ಷೇಪಣೆಯನ್ನು ಎಲ್ಲರಿಗೂ ತಲುಪಿಸುವ ಹೊಣೆ ಬಿದ್ದದ್ದು ಫೈನ್ಲರ್ ಅವರ ಮೇಲೆ. ಏಕೆಂದರೆ ಎಲ್ಲರ ವಿಳಾಸಗಳ ದೊಡ್ಡ ಪಟ್ಟಿ ಇದ್ದದ್ದು ಅವರ ಬಳಿಯೇ.

ಈ ಪ್ರಸಂಗದಿಂದ ಎರಡು ಪಾಠಗಳನ್ನು ಕಲಿಯಬಹುದಾಗಿತ್ತು. ಜಾಹೀರಾತು ತಪ್ಪೆಂಬುದು ಒಂದು; ಪರಸ್ಪರ ಸಹಾಯಕ್ಕೆಂದು ಬರೆದಿಟ್ಟ ಪಟ್ಟಿ ಅನ್ಯ ಪ್ರಯೋಜನಕ್ಕೂ ಅಷ್ಟೇ ಸುಲಭವಾಗಿ ಒದಗುತ್ತದೆಂಬುದು ಇನ್ನೊಂದು. ಮೊದಲನೆಯದನ್ನು ಎಲ್ಲರೂ ಕಲಿತರು. ಎರಡನೆಯದನ್ನು ಯಾರೂ ಗಮನಿಸಿದಂತೆ ತೋರುವುದಿಲ್ಲ. ನಾಲ್ಕು ವರ್ಷಗಳೊಳಗೆ ಮುದ್ರಿತ ಪಟ್ಟಿಯ ಜಾಗಕ್ಕೆ, ಬೆರಳಚ್ಚಿನ ಶ್ರಮವೂ ಬೇಡದ ವಿದ್ಯುನ್ಮಾನ ಪಟ್ಟಿ ಬಂದಿತು.

1982ರ ಮಾರ್ಚ್ 1ರಂದು ಅದೇ ಎಸ್.ಆರ್.ಐ. ಕೇಂದ್ರದ ಕೆನ್ ಹ್ಯಾರೆನ್‌ಸ್ಟೀನ್ ಮತ್ತು ವಿಕ್ ವೈಟ್ ಎಂಬವರು ಪ್ರಕಟಿಸಿದ ಕಿರುದಾಖಲೆಯೇ 'ಹೂ ಈಸ್' ವ್ಯವಸ್ಥೆಯ ಜನ್ಮಪತ್ರ. ಅಂತರಜಾಲದ ತಾಂತ್ರಿಕ ಟಿಪ್ಪಣಿಗಳ ಸಾಲಿನಲ್ಲಿ ಅದರ ಸಂಖ್ಯೆ 812. ಅದರ ಕ್ರಮ ಅತ್ಯಂತ ಸರಳ. ಕೇಳುವವರು ಒಂದು ಹೆಸರನ್ನು ಟೈಪು ಮಾಡುತ್ತಾರೆ. ಯಂತ್ರವು ಆ ಹೆಸರಿಗೆ ಸಂಬಂಧಿಸಿದ ವಿವರಗಳನ್ನು ಮುಂದಿಟ್ಟು ಸಂಪರ್ಕವನ್ನು ಕಡಿದುಕೊಳ್ಳುತ್ತದೆ. ಕೇಳಿದವರ ಗುರುತನ್ನು ವಿಚಾರಿಸುವ ಏರ್ಪಾಡು ಅದರಲ್ಲಿ ಇರಲೇ ಇಲ್ಲ. ಆರ್ಪಾನೆಟ್‌ನಲ್ಲಿ ಸಂದೇಶ ಕಳುಹಿಸಬಲ್ಲ ಪ್ರತಿಯೊಬ್ಬರೂ ತಮ್ಮ ಪೂರ್ಣ ಹೆಸರು, ಅಂಚೆ ವಿಳಾಸ, ಪಿನ್ ಸಂಖ್ಯೆ, ದೂರವಾಣಿ ಸಂಖ್ಯೆ, ಇ-ಮೇಲ್ ವಿಳಾಸಗಳನ್ನು ನೋಂದಾಯಿಸಬೇಕೆಂದು ರಕ್ಷಣಾ ಇಲಾಖೆಯ ಸಂಪರ್ಕ ವಿಭಾಗದ ಕೋರಿಕೆ ಆ ಟಿಪ್ಪಣಿಯಲ್ಲಿಯೇ ಇದೆ. ಕೆಲವೇ ಸಾವಿರ ಮಂದಿಯ, ಬಹುಪಾಲು ಕಚೇರಿಯ ವಿಳಾಸಗಳುಳ್ಳ ಪಟ್ಟಿಗೆ ಅದು ಸಲ್ಲುವ ಮಾತಾಗಿತ್ತು. 1985ರಲ್ಲಿ ಟಿಪ್ಪಣಿಯನ್ನು ಪರಿಷ್ಕರಿಸಿದಾಗಲೂ ಈ ಅಂಶದಲ್ಲಿ ಮೂಲಭೂತ ಬದಲಾವಣೆಯಾಗಲಿಲ್ಲ.

ಆದರೆ ಜಾಲವೇ ಬದಲಾಗುತ್ತಿತ್ತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬ ವಿಜ್ಞಾನಿ ಡೊಮೇನ್ ಹೆಸರುಗಳ ವ್ಯವಸ್ಥೆಯನ್ನು ರೂಪಿಸಿದರು. 1985ರ ಮಾರ್ಚ್ 15ರಂದು ಮೊದಲ 'ಡಾಟ್ ಕಾಂ' ಹೆಸರು ನೋಂದಣಿಯಾಯಿತು. 1990ರ ದಶಕದ ಆರಂಭದಲ್ಲಿ ನೋಂದಣಿಯ ಕೆಲಸ ಎಸ್.ಆರ್.ಐ. ಕೈಬಿಟ್ಟು ನೆಟ್‌ವರ್ಕ್ ಸೊಲ್ಯೂಷನ್ಸ್ ಎಂಬ ಕಂಪೆನಿಯ ಪಾಲಾಯಿತು. 1995ರ ಸೆಪ್ಟೆಂಬರಿನಿಂದ ಪ್ರತಿ ಹೆಸರಿಗೆ ವರ್ಷಕ್ಕೆ 50 ಡಾಲರ್ ಶುಲ್ಕ ನಿಗದಿಯಾಯಿತು. ಪಟ್ಟಿ ಇಟ್ಟುಕೊಳ್ಳುವುದು ಅಷ್ಟರಲ್ಲಿ ಎಂಥ ಲಾಭದ ಉದ್ಯಮವಾಗಿತ್ತೆಂದರೆ, 2000ದಲ್ಲಿ ಈ ಕಂಪೆನಿಯನ್ನು ವೆರಿಸೈನ್ ಎಂಬ ಇನ್ನೊಂದು ಕಂಪೆನಿ ಸುಮಾರು 21 ಶತಕೋಟಿ ಡಾಲರ್ ಮೌಲ್ಯಕ್ಕೆ ಕೊಂಡಿತು. ಈ ನಡುವೆ, 1998ರಲ್ಲಿ, ಹೆಸರುಗಳ ಉಸ್ತುವಾರಿಗಾಗಿ ಕ್ಯಾಲಿಫೋರ್ನಿಯದಲ್ಲಿ ಐಕ್ಯಾನ್ ಎಂಬ ಲಾಭರಹಿತ ಸಂಸ್ಥೆ ಸ್ಥಾಪನೆಗೊಂಡಿತ್ತು. ಮರುವರ್ಷದಿಂದ ಅನೇಕ ನೋಂದಣಿ ಕಂಪೆನಿಗಳು ಹುಟ್ಟಿಕೊಂಡವು. ಹೆಸರು ಕೊಳ್ಳುವವರು ಈಗ ಸಂಶೋಧಕರಷ್ಟೇ ಆಗಿರಲಿಲ್ಲ: ಮನೆಯಲ್ಲೇ ಚಿಕ್ಕ ವ್ಯಾಪಾರ ನಡೆಸುವವರು, ಕವಿತೆ ಬರೆಯುವವರು, ವಿದ್ಯಾರ್ಥಿಗಳು, ಸರಕಾರವನ್ನು ಟೀಕಿಸುವವರು, ರೋಗಿಗಳ ಸಂಘದವರು ಎಲ್ಲರೂ ಬಂದರು.

ಇಷ್ಟಾದರೂ ಇನ್ನೂರು ಯಂತ್ರಗಳ ಕಾಲದ ನಿಯಮ ಹಾಗೆಯೇ ಮುಂದುವರಿಯಿತು. ಮುಂದುವರಿಯಿತೆನ್ನುವುದಕ್ಕಿಂತ ಬಿಗಿಯಾಯಿತೆನ್ನುವುದೇ ಸರಿ. ಹಿಂದೆ ಕೋರಿಕೆಯಾಗಿದ್ದದ್ದು ಐಕ್ಯಾನ್ ಮತ್ತು ನೋಂದಣಿ ಕಂಪೆನಿಗಳ ನಡುವಣ ಒಪ್ಪಂದದಲ್ಲಿ ಕಡ್ಡಾಯದ ಷರತ್ತಾಯಿತು. ಅಷ್ಟೇ ಅಲ್ಲದೆ, ಬೇಡಿಕೆ ಇಟ್ಟ ಮೂರನೆಯವರಿಗೆ ಇಡೀ ಪಟ್ಟಿಯ ಪ್ರತಿಯನ್ನು ವರ್ಷಕ್ಕೆ 10,000 ಡಾಲರಿಗೆ ಮೀರದ ಶುಲ್ಕ ಪಡೆದು ಒದಗಿಸಬೇಕೆಂಬ ನಿಬಂಧನೆಯೂ ಅದರಲ್ಲಿ ಸೇರಿತ್ತು. ಸಾಮೂಹಿಕ ಇ-ಮೇಲ್ ಜಾಹೀರಾತಿಗೆ ಬಳಸಬಾರದೆಂಬ ನಿರ್ಬಂಧ ಇತ್ತಾದರೂ, ಅಂಚೆಯ ಮೂಲಕವೋ ದೂರವಾಣಿಯ ಮೂಲಕವೋ ಪೀಡಿಸುವವರ ಬಗ್ಗೆ ಒಪ್ಪಂದ ಮೌನವಾಗಿತ್ತು. ಇದಕ್ಕೆ ಒತ್ತಾಸೆಯಾಗಿ ನಿಂತವರಲ್ಲಿ ವಾಣಿಜ್ಯ ಚಿಹ್ನೆಗಳ ಒಡೆಯರು ಪ್ರಮುಖರು. ತಮ್ಮ ಕಂಪೆನಿಯ ಹೆಸರನ್ನು ಬೇರೆಯವರು ಮೊದಲೇ ನೋಂದಾಯಿಸಿಕೊಂಡು ಹಣಕ್ಕಾಗಿ ಸತಾಯಿಸುವ ಪ್ರಕರಣಗಳು ಆಗ ಹೆಚ್ಚಾಗಿದ್ದವು. ಅವರನ್ನು ಪತ್ತೆ ಹಚ್ಚಲು ದಾಖಲೆ ತೆರೆದಿರಬೇಕೆಂಬ ಅವರ ವಾದವನ್ನು ತಳ್ಳಿಹಾಕುವಂತಿರಲಿಲ್ಲ.

ಫಲ ಬೇಗನೆ ಕಾಣಿಸಿಕೊಂಡಿತು. ನ್ಯೂಯಾರ್ಕಿನ ರಿಜಿಸ್ಟರ್ ಡಾಟ್ ಕಾಂ ಎಂಬ ನೋಂದಣಿ ಕಂಪೆನಿಯ ದಾಖಲೆಯನ್ನು ವೆರಿಯೊ ಎಂಬ ಕಂಪೆನಿ ಸ್ವಯಂಚಾಲಿತ ಕ್ರಮವಿಧಿಯಿಂದ ಪ್ರತಿನಿತ್ಯ ಜಾಲಾಡಿ, ಹೊಸದಾಗಿ ಹೆಸರು ಪಡೆದವರನ್ನು ಹೆಕ್ಕಿ, ತನ್ನ ಸೇವೆಗಳನ್ನು ಕೊಳ್ಳಿರೆಂದು ಇ-ಮೇಲ್, ಅಂಚೆ, ದೂರವಾಣಿಗಳ ಮೂಲಕ ಬೆನ್ನುಬಿದ್ದಿತು. ವ್ಯಾಜ್ಯ 2000ದಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ವೆರಿಯೊಗೆ ವಿಧಿಸಿದ ನಿರ್ಬಂಧವನ್ನು ಮೇಲ್ಮನವಿ ನ್ಯಾಯಾಲಯ 2004ರ ಜನವರಿಯಲ್ಲಿ ಎತ್ತಿಹಿಡಿಯಿತು. ಗಮನಾರ್ಹವಾದ ಸಂಗತಿಯೆಂದರೆ, ಇದು ಎರಡು ಕಂಪೆನಿಗಳ ನಡುವಣ ಜಗಳ. ಯಾರ ಹೆಸರು ಮತ್ತು ದೂರವಾಣಿ ಸಂಖ್ಯೆಗಳಿಗಾಗಿ ಈ ಜಗಳ ನಡೆಯಿತೋ ಆ ಸಾಮಾನ್ಯ ಜನ ಆ ವ್ಯಾಜ್ಯದಲ್ಲಿ ವಾದಿಗಳೂ ಆಗಿರಲಿಲ್ಲ, ಪ್ರತಿವಾದಿಗಳೂ ಆಗಿರಲಿಲ್ಲ. ಇನ್ನು, ಹೆಸರಿನ ಅವಧಿ ಮುಗಿಯುತ್ತ ಬಂದಿದೆ, ಹಣ ಕಟ್ಟಿರಿ ಎಂದು ಬಿಲ್ಲಿನ ರೂಪದಲ್ಲೇ ಮುದ್ರಿಸಿ ಮನೆಯ ವಿಳಾಸಕ್ಕೆ ಪತ್ರ ಕಳುಹಿಸಿ ಮೋಸಗೊಳಿಸುವ ದಂಧೆಯೂ ಇದೇ ದಾಖಲೆಯಿಂದ ಬೆಳೆಯಿತು. 'ಹೂ ಈಸ್' ದಾಖಲೆಯು ಸ್ಪ್ಯಾಮ್ ಕಳುಹಿಸುವವರಿಗೆ ವಿಳಾಸಗಳ ಆಕರವಾಗಿದೆಯೇ ಎಂದು ಐಕ್ಯಾನ್‌ನ ಭದ್ರತಾ ಸಲಹಾ ಸಮಿತಿಯೇ ಪ್ರಯೋಗ ನಡೆಸಿ, ಹೌದೆಂದು 2007ರ ಅಕ್ಟೋಬರಿನಲ್ಲಿ ವರದಿ ಮಾಡಿತು. 1978ರಲ್ಲಿ ಕಣ್ಣೆದುರೇ ನಡೆದದ್ದನ್ನು ಸಿದ್ಧಪಡಿಸಲು 29 ವರ್ಷ ಹಿಡಿದಂತಾಯಿತು.

ನೈತಿಕ ದೃಷ್ಟಿಯಿಂದ ಇದಕ್ಕಿಂತ ಚಿಂತಾಜನಕವಾದ ಅಂಶ ಬೇರೊಂದಿದೆ. ಈ ವ್ಯವಸ್ಥೆಯಲ್ಲಿ ನಿಜ ನುಡಿದವರಿಗೆ ದಂಡವೂ ಸುಳ್ಳು ಬರೆದವರಿಗೆ ರಕ್ಷಣೆಯೂ ದೊರೆಯುತ್ತಿತ್ತು. ವಂಚನೆಗೆಂದೇ ತಾಣ ತೆರೆಯುವವನು ತನ್ನ ನಿಜವಾದ ಮನೆಯ ವಿಳಾಸವನ್ನು ಬರೆಯಲಾರ. ಯಾವುದೋ ಬೀದಿಯ ಹೆಸರನ್ನೋ ಅರ್ಥವಿಲ್ಲದ ಅಕ್ಷರಗಳನ್ನೋ ತುಂಬಿ ಮುಂದೆ ಸಾಗುತ್ತಿದ್ದ. ಪ್ರಾಮಾಣಿಕನು ಕೇಳಿದ್ದನ್ನೆಲ್ಲ ಸರಿಯಾಗಿ ಬರೆದುಕೊಟ್ಟು, ಮರುದಿನದಿಂದಲೇ ಅಪರಿಚಿತರ ಕರೆಗಳಿಗೆ ಓಗೊಡಬೇಕಾಗುತ್ತಿತ್ತು. ಹಿಂಸೆಗೆ ಹೆದರಿ ಗಂಡನ ಮನೆಯನ್ನು ತೊರೆದು ಬೇರೆ ಊರಿನಲ್ಲಿ ಬದುಕು ಕಟ್ಟಿಕೊಂಡ ಹೆಣ್ಣುಮಗಳು ತನ್ನ ಹೊಲಿಗೆಯ ಕೆಲಸಕ್ಕಾಗಿ ಒಂದು ತಾಣ ತೆರೆದರೆ, ನಿಯಮದ ಪ್ರಕಾರ ಅವಳ ವಿಳಾಸ ಅವಳನ್ನು ಹುಡುಕುವವನಿಗೂ ತೆರೆದಿರಬೇಕಾಗಿತ್ತು. ಅವಳ ಮುಂದಿದ್ದ ದಾರಿಗಳು ಸುಳ್ಳು ಬರೆಯುವುದು, ಅಪಾಯಕ್ಕೆ ಒಡ್ಡಿಕೊಳ್ಳುವುದು ಅಥವಾ ತಾಣವನ್ನೇ ತೆರೆಯದಿರುವುದು. ಸತ್ಯವನ್ನು ನುಡಿಯಲು ಪ್ರಜೆಗಳು ಹೆದರುವಂತೆ ಮಾಡುವ ನಿಯಮವು ಸತ್ಯದ ಹೆಸರಿನಲ್ಲಿ ಜಾರಿಯಲ್ಲಿದ್ದುದು ವಿಪರ್ಯಾಸವೇ ಸರಿ.

ಸುಳ್ಳಿನ ಪ್ರಮಾಣವೂ ಸಾಮಾನ್ಯವಾಗಿರಲಿಲ್ಲ. ಐಕ್ಯಾನ್‌ಗಾಗಿ ಷಿಕಾಗೊ ವಿಶ್ವವಿದ್ಯಾಲಯಕ್ಕೆ ಸಂಬಂಧಿಸಿದ ಸಂಶೋಧನಾ ಕೇಂದ್ರವೊಂದು ಸುಮಾರು 1,400 ನೋಂದಣಿಗಳನ್ನು ಆರಿಸಿ ಪರಿಶೀಲಿಸಿ 2010ರಲ್ಲಿ ವರದಿ ಮಾಡಿದಾಗ, ಕಟ್ಟುನಿಟ್ಟಿನ ಅಳತೆಗೆ ಪೂರ್ಣ ಸರಿಹೊಂದಿದ ದಾಖಲೆಗಳು ಶೇಕಡಾ 23ರಷ್ಟು ಮಾತ್ರ ಎಂದು ತಿಳಿದುಬಂದಿತು. ಅಮೆರಿಕದ ಸಂಸತ್ತು 2004ರಲ್ಲಿ ಮಾಡಿದ ಕಾನೂನೊಂದು, ಅಪರಾಧಕ್ಕೆ ಬಳಸಿದ ಹೆಸರಿನ ನೋಂದಣಿಯಲ್ಲಿ ಸುಳ್ಳು ವಿವರ ಕೊಟ್ಟಿದ್ದರೆ ಶಿಕ್ಷೆಯನ್ನು ಹೆಚ್ಚಿಸಲು ಅವಕಾಶ ಕಲ್ಪಿಸಿತು. ಸುಳ್ಳು ಬರೆಯದೆಯೂ ಮರೆಯಾಗಬೇಕೆನ್ನುವವರಿಗೆ ಮಾರುಕಟ್ಟೆ ಒಂದು ಉಪಾಯವನ್ನು ಒದಗಿಸಿತು. ಗ್ರಾಹಕರ ಹೆಸರಿನ ಬದಲು ತಮ್ಮದೇ ಹೆಸರನ್ನು ದಾಖಲೆಯಲ್ಲಿ ತೋರಿಸುವ ಮರೆಸೇವೆಗಳು 2002ರ ಸುಮಾರಿಗೆ ಆರಂಭವಾದವು. ವರ್ಷಕ್ಕೆ ಇಂತಿಷ್ಟು ಡಾಲರ್ ಕೊಟ್ಟವರ ವಿವರ ಮುಚ್ಚಿರುತ್ತಿತ್ತು, ಕೊಡಲಾರದವರದು ತೆರೆದಿರುತ್ತಿತ್ತು. ಹೆಸರನ್ನು ಮಾರಿದ ಕಂಪೆನಿಗಳೇ ಆ ಹೆಸರನ್ನು ಮರೆಮಾಡಲು ಮತ್ತೊಮ್ಮೆ ಹಣ ಪಡೆದವು. ಅಮೆರಿಕ ಸರಕಾರವು ತನ್ನ 'ಡಾಟ್ ಯುಎಸ್' ಹೆಸರುಗಳ ಮಟ್ಟಿಗೆ ಈ ಮರೆಯನ್ನೂ 2005ರಲ್ಲಿ ನಿಷೇಧಿಸಿತು.

ಬೇರೆ ದಾರಿ ಇರಲಿಲ್ಲವೆಂದು ಹೇಳುವಂತಿಲ್ಲ. ಬ್ರಿಟನ್ನಿನ 'ಡಾಟ್ ಯುಕೆ' ನೋಂದಣಿ ಸಂಸ್ಥೆಯು ವ್ಯಾಪಾರ ಮಾಡದ ಖಾಸಗಿ ವ್ಯಕ್ತಿಗಳು ತಮ್ಮ ವಿಳಾಸವನ್ನು ಪ್ರಕಟಿಸದಂತೆ ಕೋರುವ ಅವಕಾಶವನ್ನು 2002ರಲ್ಲಿಯೇ ಕಲ್ಪಿಸಿತ್ತು. ಕೆನಡಾದ ನೋಂದಣಿ ಸಂಸ್ಥೆ 2008ರ ಜೂನ್‌ನಿಂದ ವ್ಯಕ್ತಿಗಳ ವಿವರಗಳನ್ನು ತಾನಾಗಿಯೇ ಮುಚ್ಚಿಟ್ಟಿತು. ಅಂಕಿಗಳ ರೂಪದಲ್ಲಿರುವ ಅಂತರಜಾಲ ವಿಳಾಸಗಳನ್ನು ಹಂಚುವ ಸಂಸ್ಥೆಗಳೂ ಇದಕ್ಕೆ ಮೊದಲೇ ಎಚ್ಚೆತ್ತುಕೊಂಡಿದ್ದವು. ಉತ್ತರ ಅಮೆರಿಕದ ಏರಿನ್ ಸಂಸ್ಥೆಯ ದಾಖಲೆಯಲ್ಲಿ ಮನೆಬಳಕೆಯ ಗ್ರಾಹಕರ ಹೆಸರಿನ ಬದಲು 'ಖಾಸಗಿ ಗ್ರಾಹಕ' ಎಂದೂ ಬೀದಿಯ ಬದಲು 'ಖಾಸಗಿ ನಿವಾಸ' ಎಂದೂ ಬರೆಯಲು ಅನುಮತಿ ಇದೆ. ಭಾರತವೂ ಸೇರಿದ ಏಷ್ಯಾ–ಪೆಸಿಫಿಕ್ ವಲಯದ ಎಪಿನಿಕ್ ಸಂಸ್ಥೆ 2004ರಲ್ಲಿ ಗ್ರಾಹಕರ ವಿವರಗಳನ್ನು ಸಾರ್ವಜನಿಕ ದಾಖಲೆಯಿಂದ ಹೊರಗಿಡಲು ಅವಕಾಶ ಮಾಡಿತು. ಇದರಿಂದ ಅಂತರಜಾಲಕ್ಕೆ ಭಂಗವೇನೂ ಬರಲಿಲ್ಲ.

ಐಕ್ಯಾನ್‌ನ ಸಭೆಗಳಲ್ಲಿ ಮಾತ್ರ ಚರ್ಚೆ ವರ್ಷಗಟ್ಟಲೆ ಸುತ್ತಿದಲ್ಲೇ ಸುತ್ತಿತು. ಐರೋಪ್ಯ ದತ್ತಾಂಶ ರಕ್ಷಣಾ ಅಧಿಕಾರಿಗಳ ಸಮಿತಿ 2003ರಲ್ಲಿಯೇ, ವ್ಯಕ್ತಿಗಳ ಮಾಹಿತಿಯನ್ನು ಸಂಗ್ರಹಿಸಿದ ಉದ್ದೇಶಕ್ಕೆ ಮೀರಿ ತೆರೆದಿಡುವುದು ತಮ್ಮ ಕಾನೂನಿಗೆ ಹೊಂದುವುದಿಲ್ಲವೆಂಬ ಅಭಿಪ್ರಾಯವನ್ನು ಮುಂದಿಟ್ಟಿತ್ತು. ಇದಕ್ಕೆ ಪ್ರತಿಯಾಗಿ, 2006ರ ಜೂನ್‌ನಲ್ಲಿ ಮೊರೊಕ್ಕೊದ ಮರಾಕೇಶ್ ನಗರದಲ್ಲಿ ನಡೆದ ಐಕ್ಯಾನ್ ಸಭೆಗೆ ಬಂದ ಅಮೆರಿಕದ ಗ್ರಾಹಕ ರಕ್ಷಣಾ ಆಯೋಗದ ಸದಸ್ಯ ಜಾನ್ ಲೈಬೊವಿಟ್ಸ್, ಮೋಸಗಾರರ ಪತ್ತೆಗೆ ಈ ದಾಖಲೆ ತಮ್ಮ ತನಿಖಾಧಿಕಾರಿಗಳಿಗೆ ಅತ್ಯಗತ್ಯವೆಂದು ವಾದಿಸಿದರು. ಅವರ ವಾದದಲ್ಲಿ ಹುರುಳಿತ್ತು. ಮೋಸಗಾರ ಬರೆದ ಸುಳ್ಳು ವಿಳಾಸದಿಂದಲೂ ಸುಳಿವು ದೊರೆಯುತ್ತದೆ. ಒಂದೇ ಸುಳ್ಳನ್ನು ನೂರು ತಾಣಗಳಲ್ಲಿ ಬರೆದವನು ಆ ನೂರರ ಮೂಲಕವೂ ಸಿಕ್ಕಿಬೀಳಬಲ್ಲ. 2007ರ ಅಕ್ಟೋಬರ್ ಕೊನೆಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸುಧಾರಣೆಯ ಪ್ರಸ್ತಾವವೊಂದು ಮತಕ್ಕೆ ಬಂದು ಸೋತುಹೋಯಿತು. ಇದ್ದದ್ದೇ ಉಳಿಯಿತು.

ಜನಸಾಮಾನ್ಯರ ದನಿ ದೊಡ್ಡದಾಗಿ ಕೇಳಿದ್ದು 2015ರಲ್ಲಿ. ಹಣದ ವ್ಯವಹಾರ ನಡೆಸುವ ತಾಣಗಳಿಗೆ ಮರೆಸೇವೆಯನ್ನು ನಿರಾಕರಿಸಬೇಕೆಂಬ ಸಲಹೆ ಐಕ್ಯಾನ್‌ನ ಸಮಿತಿಯೊಂದರ ಕರಡಿನಲ್ಲಿ ಚರ್ಚೆಗೆ ಬಂದಾಗ, ಸಾಧಾರಣವಾಗಿ ಹತ್ತಾರು ಅಭಿಪ್ರಾಯಗಳು ಬರುವಲ್ಲಿ 11,000ಕ್ಕೂ ಹೆಚ್ಚು ಪತ್ರಗಳು ಬಂದವು. ಮನೆಯಲ್ಲೇ ಕರಕುಶಲ ವಸ್ತುಗಳನ್ನು ಮಾಡಿ ಮಾರುವವರಿಗೆ ಮನೆಯೂ ಅಂಗಡಿಯೂ ಒಂದೇ ಆಗಿರುವಾಗ, ಅಂಗಡಿಯ ವಿಳಾಸ ತೆರೆಯುವುದೆಂದರೆ ಮಕ್ಕಳು ಮಲಗುವ ಕೋಣೆಯ ವಿಳಾಸವನ್ನು ತೆರೆದಂತೆ ಎಂಬುದು ಆ ಆತಂಕದ ಸಾರ. ಅಂತಿಮ ವರದಿಯಲ್ಲಿ ಆ ಸಲಹೆ ಉಳಿಯಲಿಲ್ಲ.

ಕೊನೆಗೆ ಬದಲಾವಣೆಯನ್ನು ತಂದದ್ದು ಯೂರೋಪಿನ ಕಾನೂನು. ಇದಕ್ಕೊಂದು ಹಿನ್ನೆಲೆಯಿದೆ. ಸರಕಾರದ ಪಟ್ಟಿಗಳು ಮನುಷ್ಯರ ಪ್ರಾಣಕ್ಕೆ ಎರವಾದ ಕಾಲವನ್ನು ಕಂಡ ಜರ್ಮನಿಯ ಹೆಸ್ಸೆ ಪ್ರಾಂತ 1970ರಲ್ಲಿಯೇ ದತ್ತಾಂಶ ರಕ್ಷಣೆಗೆ ಜಗತ್ತಿನ ಮೊದಲ ಕಾನೂನನ್ನು ಮಾಡಿತ್ತು. 1983ರ ಡಿಸೆಂಬರಿನಲ್ಲಿ, ಎಂದರೆ ಡೊಮೇನ್ ವ್ಯವಸ್ಥೆ ರೂಪುಗೊಂಡ ವರ್ಷದಲ್ಲಿಯೇ, ಜನಗಣತಿಯ ಪ್ರಕರಣದಲ್ಲಿ ತೀರ್ಪಿತ್ತ ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ, ತನ್ನ ಮಾಹಿತಿಯ ಬಳಕೆಯನ್ನು ನಿರ್ಧರಿಸುವ ಹಕ್ಕು ಪ್ರತಿಯೊಬ್ಬ ವ್ಯಕ್ತಿಗೂ ಇದೆಯೆಂದು ಸಾರಿತು. ಈ ಚಿಂತನೆಯ ಫಲವಾಗಿ 2016ರಲ್ಲಿ ಅಂಗೀಕಾರಗೊಂಡ ಐರೋಪ್ಯ ಒಕ್ಕೂಟದ ಸಾಮಾನ್ಯ ದತ್ತಾಂಶ ರಕ್ಷಣಾ ನಿಯಮ 2018ರ ಮೇ 25ರಂದು ಜಾರಿಗೆ ಬಂದಿತು. ಉಲ್ಲಂಘಿಸಿದವರಿಗೆ 2 ಕೋಟಿ ಯೂರೋವರೆಗೆ ಅಥವಾ ಜಾಗತಿಕ ವಹಿವಾಟಿನ ಶೇಕಡಾ 4ರವರೆಗೆ, ಎರಡರಲ್ಲಿ ಹೆಚ್ಚಿನದಾದ ದಂಡ. ಎರಡು ದಶಕಗಳ ನೀತಿಚರ್ಚೆ ಮಾಡಲಾಗದ್ದನ್ನು ಈ ಅಂಕಿಗಳು ಮಾಡಿದವು. ಗಡುವಿಗೆ ಎಂಟು ದಿನ ಉಳಿದಿರುವಾಗ, ಮೇ 17ರಂದು, ಐಕ್ಯಾನ್ ಮಂಡಳಿ ತಾತ್ಕಾಲಿಕ ನಿಯಮವೊಂದನ್ನು ಅಂಗೀಕರಿಸಿ ವ್ಯಕ್ತಿಗಳ ಹೆಸರು, ಬೀದಿ, ದೂರವಾಣಿ, ಇ-ಮೇಲ್‌ಗಳನ್ನು ಮುಚ್ಚಲು ಒಪ್ಪಿತು. ಸಂಸ್ಥೆಯ ಹೆಸರು, ರಾಜ್ಯ, ದೇಶಗಳಷ್ಟೇ ಹೊರಗೆ ಕಾಣುವಂತೆ ಉಳಿದವು.

ಮುಚ್ಚುವುದು ಸರಿ, ಆದರೆ ಸಂಗ್ರಹಿಸುವುದೇಕೆ ಎಂಬ ಪ್ರಶ್ನೆ ಎದ್ದದ್ದು ಜರ್ಮನಿಯ ಬಾನ್ ನಗರದಲ್ಲಿ. ಹಳೆಯ ಪದ್ಧತಿಯಲ್ಲಿ ಪ್ರತಿ ಹೆಸರಿಗೂ ಒಡೆಯ, ಆಡಳಿತ ನೋಡುವವ, ತಾಂತ್ರಿಕ ಹೊಣೆಗಾರ ಎಂದು ಮೂವರ ವಿವರಗಳನ್ನು ಪಡೆಯಬೇಕಾಗಿತ್ತು. ಅಲ್ಲಿಯ ಎಪಾಗ್ ಎಂಬ ನೋಂದಣಿ ಕಂಪೆನಿ, ಒಡೆಯನ ವಿವರ ಸಾಕು, ಉಳಿದಿಬ್ಬರದನ್ನು ಇನ್ನು ಕೇಳುವುದಿಲ್ಲವೆಂದಿತು. ಹೊಸ ಕಾನೂನು ಜಾರಿಗೆ ಬಂದ ದಿನವೇ ಐಕ್ಯಾನ್ ಅದರ ಮೇಲೆ ದಾವೆ ಹೂಡಿತು. ಒಂದು ವಾರ ಕಳೆಯುವ ಮೊದಲೇ ನ್ಯಾಯಾಲಯ ಐಕ್ಯಾನ್‌ನ ಕೋರಿಕೆಯನ್ನು ತಿರಸ್ಕರಿಸಿತು. ಅದರ ತರ್ಕ ಹಳ್ಳಿಯ ಹಿರಿಯರ ನ್ಯಾಯದಂತೆ ನೇರವಾಗಿದೆ: ಇಷ್ಟು ವರ್ಷವೂ ಮೂರು ಜಾಗಗಳಲ್ಲಿ ಒಬ್ಬನೇ ವ್ಯಕ್ತಿಯ ಹೆಸರನ್ನು ಬರೆಯಲು ಬಿಟ್ಟಿದ್ದೀರಿ, ಹಾಗಿದ್ದ ಮೇಲೆ ಬೇರೆ ಇಬ್ಬರ ವಿವರ ಅನಿವಾರ್ಯವಾಗಿರಲಿಲ್ಲ ಎಂದಾಯಿತಲ್ಲ. ಮೇಲಿನ ನ್ಯಾಯಾಲಯದಲ್ಲಿಯೂ ಐಕ್ಯಾನ್‌ಗೆ ಜಯ ದೊರೆಯಲಿಲ್ಲ.

ಮುಚ್ಚಿದ ದಾಖಲೆಯಿಂದ ಹಾನಿಯೇ ಆಗಿಲ್ಲವೆಂದು ವಾದಿಸುವುದು ಅಪ್ರಾಮಾಣಿಕತೆಯಾದೀತು. ಅಂತರಜಾಲದ ವಂಚನೆಗಳನ್ನು ತನಿಖೆ ಮಾಡುವ ತಜ್ಞರ ಸಂಘಗಳು 2018ರಲ್ಲಿಯೇ ಸಮೀಕ್ಷೆ ನಡೆಸಿ, ತಮ್ಮ ಕೆಲಸಕ್ಕೆ ತೀವ್ರ ತೊಡಕಾಗಿದೆಯೆಂದು ದೂರಿದವು. ತಿರುಮಲ ತಿರುಪತಿ ದೇವಸ್ಥಾನದ ಹೆಸರಿನಲ್ಲಿ ನಕಲಿ ತಾಣಗಳು ಮತ್ತೆ ಮತ್ತೆ ಪತ್ತೆಯಾಗಿ ಪೊಲೀಸರಿಗೆ ದೂರು ಹೋಗಿರುವುದನ್ನು ಪತ್ರಿಕೆಗಳಲ್ಲಿ ಓದಿದವರಿಗೆ ಈ ತೊಡಕಿನ ಅರ್ಥ ಸುಲಭವಾಗಿ ಹೊಳೆಯುತ್ತದೆ. ಹೆಸರಾಂತ ಕಂಪೆನಿಗಳ ಏಜೆನ್ಸಿ ಕೊಡಿಸುವುದಾಗಿ ನಂಬಿಸಿ ಠೇವಣಿ ಪಡೆಯುವ ನಕಲಿ ತಾಣಗಳ ವ್ಯಾಜ್ಯಗಳು ದೆಹಲಿ ಹೈಕೋರ್ಟಿನ ಮುಂದೆ ಬಂದು, ನೋಂದಣಿ ಕಂಪೆನಿಗಳಿಂದ ವಿವರ ತರಿಸಿಕೊಳ್ಳುವ ಪ್ರಸಂಗಗಳೂ ಉಂಟಾಗಿವೆ. ಭಕ್ತರು ಒಂದು ಕ್ಷೇತ್ರಕ್ಕೆಂದು ಕಳುಹಿಸಿದ ಕಾಣಿಕೆ ಅಪರಿಚಿತನ ಖಾತೆಗೆ ಹೋದಾಗ, ತಾಣದ ಒಡೆಯ ಯಾರೆಂದು ಕೇಳುವ ಹಕ್ಕು ಟ್ರಸ್ಟಿಗೆ ಇರಲೇಬೇಕು. ನ್ಯಾಯವಾದ ಕಾರಣವುಳ್ಳವರು ಕೋರಿಕೆ ಸಲ್ಲಿಸಲು ಐಕ್ಯಾನ್ 2023ರ ನವೆಂಬರಿನಲ್ಲಿ ಪ್ರಾಯೋಗಿಕ ವ್ಯವಸ್ಥೆಯೊಂದನ್ನು ತೆರೆಯಿತು. ಆದರೆ ಅದನ್ನು ಸೇರುವುದು ನೋಂದಣಿ ಕಂಪೆನಿಗಳ ಇಷ್ಟಕ್ಕೆ ಬಿಟ್ಟ ವಿಷಯವಾಗಿ ಆರಂಭವಾಯಿತು; ಕೋರಿದವರಿಗೆಲ್ಲ ಉತ್ತರ ದೊರೆಯುವ ಖಾತ್ರಿಯೂ ಇಲ್ಲ. ಹಿಂದೆ ಕಾರಣವೇ ಇಲ್ಲದವರಿಗೆ ತೆರೆದಿದ್ದ ಬಾಗಿಲು, ಈಗ ಕಾರಣವಿದ್ದವರಿಗೂ ತಡವಾಗಿ ತೆರೆಯುತ್ತದೆ. ಕೇಳುವವರು ಯಾರು, ಏತಕ್ಕೆ ಎಂದು ವಿಚಾರಿಸುವ ಕೆಲಸವನ್ನು 1982ರಲ್ಲೇ ಆರಂಭಿಸದೆ ಬಿಟ್ಟದ್ದರ ಬಾಕಿ ಇದು.

ಭಾರತದ 'ಡಾಟ್ ಇನ್' ಹೆಸರುಗಳು 2005ರ ಫೆಬ್ರವರಿಯಲ್ಲಿ ಎಲ್ಲರಿಗೂ ಮುಕ್ತವಾದಾಗ, ಆಗಿನ ಲೋಕರೂಢಿಯಂತೆ ಅವುಗಳ ದಾಖಲೆಯೂ ತೆರೆದೇ ಇತ್ತು. ಖಾಸಗಿತನ ಒಂದು ಹಕ್ಕೇ ಎಂಬ ಪ್ರಶ್ನೆಗೆ ಈ ದೇಶದಲ್ಲಿ ಸ್ಪಷ್ಟವಾದ ಉತ್ತರ ದೊರೆತದ್ದು ಕನ್ನಡ ನಾಡಿನ ಹಿರಿಯರೊಬ್ಬರ ಪ್ರಯತ್ನದಿಂದ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಹೂಡಿದ ಅರ್ಜಿಯಿಂದ ಹೊರಟ ವಿಚಾರಣೆಯಲ್ಲಿ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಘೋಷಿಸಿತು. 2023ರಲ್ಲಿ ಸಂಸತ್ತು ಅಂಕೀಯ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯನ್ನು ಅಂಗೀಕರಿಸಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟಗೊಂಡವು. ಸದಸ್ಯರ ಪಟ್ಟಿ, ದಾನಿಗಳ ಪಟ್ಟಿಗಳನ್ನು ಗಣಕದಲ್ಲಿ ಇಟ್ಟುಕೊಂಡಿರುವ ಸಂಘಗಳೂ ಟ್ರಸ್ಟುಗಳೂ ಈ ಕಾಯಿದೆಯನ್ನು ಬಲ್ಲವರಿಂದ ಓದಿಸಿ ಕೇಳುವುದು ಒಳ್ಳೆಯದು.

ಹಳೆಯ 'ಹೂ ಈಸ್' ಕ್ರಮದ ಸ್ಥಾನಕ್ಕೆ ಈಗ ಆರ್‌ಡ್ಯಾಪ್ ಎಂಬ ಹೊಸ ಕ್ರಮ ಬಂದಿದೆ. ಕೇಳುವವರ ಗುರುತನ್ನು ತಿಳಿದು ಅವರವರ ಅಧಿಕಾರಕ್ಕೆ ತಕ್ಕಷ್ಟನ್ನೇ ತೋರಿಸುವ ಸೌಕರ್ಯ ಅದರಲ್ಲಿದೆ. ಇಂಗ್ಲಿಷೇತರ ಲಿಪಿಗಳಿಗೂ ಅದರಲ್ಲಿ ನೆಲೆಯುಂಟು. ಹಳೆಯ ಕ್ರಮದಲ್ಲಿ ಒಬ್ಬರ ಹೆಸರನ್ನು ಕನ್ನಡದಲ್ಲಿ ನೆಚ್ಚಿಕೆಯಿಂದ ಬರೆದಿಡಲು ಏರ್ಪಾಡೇ ಇರಲಿಲ್ಲ. 2025ರ ಜನವರಿ 28ರಿಂದ, 'ಡಾಟ್ ಕಾಂ' ಮೊದಲಾದ ಸಾಮಾನ್ಯ ವರ್ಗದ ಹೆಸರುಗಳ ಮಟ್ಟಿಗೆ, 'ಹೂ ಈಸ್' ಸೇವೆಯನ್ನು ನಡೆಸಬೇಕೆಂಬ ಕಟ್ಟಳೆಯೇ ರದ್ದಾಗಿದೆ. ಆದರೆ ದಾಖಲೆ ತೆರೆದಿದ್ದ ವರ್ಷಗಳಲ್ಲಿ ಅದನ್ನು ದಿನದಿನವೂ ನಕಲು ಮಾಡಿಟ್ಟುಕೊಂಡ ವ್ಯಾಪಾರಿ ಕಂಪೆನಿಗಳಿವೆ. ಆ ಸಂಗ್ರಹಗಳು ಅಳಿದಿಲ್ಲ. ಹಿಂದೆಂದೋ ಒಂದು ಚಿಕ್ಕ ತಾಣಕ್ಕಾಗಿ ನಮೂನೆಯಲ್ಲಿ ಪ್ರಾಮಾಣಿಕವಾಗಿ ತುಂಬಿಕೊಟ್ಟ ಮನೆಯ ವಿಳಾಸ, ಆ ತಾಣ ಮುಚ್ಚಿಹೋಗಿದ್ದರೂ, ಅಂಥ ಸಂಗ್ರಹದಲ್ಲಿ ಸೇರಿದ್ದರೆ ಶುಲ್ಕ ತೆತ್ತವರಿಗೆ ಇಂದಿಗೂ ದೊರೆಯುತ್ತದೆ.